ಹುತ್ತದಣಬೆಯ ಹೆಸರು

ವಸಂತವೆಂದರೆ ಕವಿಗಳಿಗೆ ಚೈತ್ರಮಾಸ. ಮಲೆನಾಡಿನ ಕಾಡಿನ ನೆಲಕ್ಕೆ ಮಾತ್ರ ಮೊದಲ ಮಳೆಯೇ ವಸಂತ. ಮುಂಗಾರಿನ ಹೊಸತರಲ್ಲಿ ಅಲ್ಲಿನ ಕಾಲುದಾರಿ ಹಿಡಿದಾಗಲೆಲ್ಲ ನನ್ನ ಕಣ್ಣು ಎರಡು ಕಡೆಗೆ ಓಡುತ್ತದೆ: ಮೇಲೆ, ಮರದ ಕೊಂಬೆಯಿಂದ ಜೋತುಬಿದ್ದ ಸೀತಾಳೆದಂಡೆಯ ಹೂವಿಗೆ, ಕೆಳಗೆ, ಹುತ್ತದ ಸುತ್ತ ತಲೆಯೆತ್ತಿದ ಅಣಬೆಗೆ. ಒಂದೇ ಮಳೆಯ ಮಕ್ಕಳಾದರೂ ಶಾಸ್ತ್ರಗ್ರಂಥಗಳಲ್ಲಿ ಇವಕ್ಕೆ ದೊರೆತ ಮರ್ಯಾದೆ ಒಂದೇ ಅಲ್ಲ.

ಹೂವಿಗೆ ಲಿನ್ನೇಯಸ್ ಪಂಡಿತನು 1753ರಲ್ಲಿಯೇ ನಾಮಕರಣ ಮಾಡಿದ. ಅಣಬೆಯ ಕಥೆ ನಿಧಾನದ್ದು. ಲಿನ್ನೇಯಸನ ಶಿಷ್ಯ ಕೋನಿಗ್ 1768ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಗೆ ವೈದ್ಯನಾಗಿ ಬಂದವನು. ಗೆದ್ದಲಿನ ಗೂಡಿನೊಳಗೆ ಬೆಳೆಯುವ ಬೂಷ್ಟಿನ ವಿಷಯವನ್ನು 1779ರಲ್ಲಿ ಬರ್ಲಿನ್ನಿನ ಪತ್ರಿಕೆಯೊಂದರಲ್ಲಿ ಬರೆದ. 1906ರಲ್ಲಿ ಸಿಂಹಳದ ಪೆರಾದೆನಿಯದಿಂದ ಪೆಚ್ ಎಂಬಾತನ ವಿವರವಾದ ಲೇಖನ ಹೊರಬಿತ್ತು. ಕೊನೆಗೆ 1942ರಲ್ಲಿ ಫ್ರಾನ್ಸಿನ ರೋಜರ್ ಹೈಮ್ ಈ ಕುಲಕ್ಕೆ ‘ಟರ್ಮಿಟೋಮೈಸಿಸ್’ ಎಂದು ಹೆಸರಿಟ್ಟ. ಅರ್ಥವೇನು? ಗೆದ್ದಲಣಬೆ! ನಮ್ಮ ಹಳ್ಳಿಯ ಹೆಂಗಸರು ‘ಹುತ್ತದಣಬೆ’ ಎಂದು ಮೊರದಲ್ಲಿ ಹರವಿಕೊಂಡು ಸೋಸುವಾಗ ಆಡುವ ಮಾತಿನಲ್ಲಿಯೇ ಆ ಶಾಸ್ತ್ರವೆಲ್ಲ ಅಡಗಿದೆ.

ಗೆದ್ದಲು ನಿಜವಾಗಿಯೂ ಬೇಸಾಯಗಾರ. ತರಗೆಲೆ, ಒಣಮರವನ್ನು ತಿಂದು ಹಾಕಿದ ಮಲದಿಂದ ಗೂಡಿನೊಳಗೆ ಜೇನುಹಟ್ಟಿಯಂಥ ದಿಂಡನ್ನು ಕಟ್ಟಿ, ಅದರ ಮೇಲೆ ಶಿಲೀಂಧ್ರ ಬೆಳೆಸಿ ಉಣ್ಣುತ್ತದೆ. ಟಾಂಜಾನಿಯದಲ್ಲಿ ಸಿಕ್ಕಿದ ಇಂಥ ದಿಂಡಿನ ಪಳೆಯುಳಿಕೆಗೆ ಸುಮಾರು 25 ದಶಲಕ್ಷ ವರ್ಷ. ಮನುಷ್ಯನ ನೇಗಿಲಿಗೆ ವಯಸ್ಸೆಷ್ಟು? ಮಳೆ ಬಿದ್ದು ನೆಲ ನೆನೆದಾಗ ಆ ದಿಂಡಿನಿಂದ ಉದ್ದನೆಯ ಬೇರಿನಂಥ ಕಾಂಡ ಮೇಲಕ್ಕೆ ಚಾಚುತ್ತದೆ. ಕೊಡೆಯ ನೆತ್ತಿಯಲ್ಲಿರುವ ಗಟ್ಟಿ ಮೊನೆಯೇ ಮಣ್ಣನ್ನು ಸೀಳುವ ಉಳಿ. ಗುಡುಗಿಗೆ ಅಣಬೆ ಏಳುತ್ತದೆಂದು ಹಿರಿಯರು ಹೇಳುತ್ತಾರೆ. ಗುಡುಗಿನ ಬೆನ್ನಿಗೆ ಮಳೆ ಬರುತ್ತದಷ್ಟೆ.

ಬಲ್ಲವರು ಕಾಂಡವನ್ನು ಹಿಡಿದು ಮೆಲ್ಲಗೆ ಮುರಿದುಕೊಳ್ಳುವರೇ ಹೊರತು ಹುತ್ತಕ್ಕೆ ಹಾರೆ ಹಾಕರು. ಗೆದ್ದಲು ಸತ್ತರೆ ಈ ಶಿಲೀಂಧ್ರವೂ ಉಳಿಯದು. ಅದರ ದಿಂಡನ್ನು ಬೇರೆ ಬೂಷ್ಟು ಆಕ್ರಮಿಸುತ್ತದೆ. ಹುಲ್ಲಿನ ಮೇಲೆ ಬೆಳೆಸುವ ಪೇಟೆಯ ಅಣಬೆಯಂತೆ ಇದನ್ನು ಬೆಳೆದು ಮಾರಲು ಇಂದಿಗೂ ಯಾರಿಗೂ ಸಾಧ್ಯವಾಗಿಲ್ಲ. ಆದರೆ ಮಾರುವ ಆತುರದಲ್ಲಿ ಬುಡಸಮೇತ ಅಗೆದು ಬಾಯ್ದೆರೆದು ಬಿಟ್ಟ ಹುತ್ತಗಳನ್ನು ನಾನು ಕಂಡಿದ್ದೇನೆ. ಅಂಥ ಹುತ್ತದ ಬಳಿ ಮರುವರ್ಷ ಆರಿದ್ರಾ ಮಳೆಗೆ ಹೋಗಿ ನೋಡಿದೆ, ಹುಲ್ಲು ಬೆಳೆದಿತ್ತು.