ಮನೆಯೊಳಗಿನ ಕಡಲು ಅಗ್ಗವಾದ ಬಗೆ

ಉಪ್ಪುನೀರಿನ ಅಕ್ವೇರಿಯಂ ಮೊದಲು ಬಳಕೆಗೆ ಬಂದದ್ದು ಸಂಶೋಧನೆಯ ಸಲಕರಣೆಯಾಗಿ. ಸಿಸಿಲಿಯ ಮೆಸ್ಸಿನಾದಲ್ಲಿ ನೆಲೆಸಿದ್ದ ಫ್ರಾನ್ಸಿನ ಜೀನ್ ವಿಲ್‌ಪ್ರೂ-ಪವರ್ 1832ರಲ್ಲಿ ಗಾಜಿನ ತೊಟ್ಟಿಗಳನ್ನು ಮಾಡಿಸಿ ಆರ್ಗೊನಾಟ್ ಎಂಬ ಅಷ್ಟಪದಿಯನ್ನು ಅವುಗಳಲ್ಲಿ ಸಾಕಿದರು. ಅದು ತನ್ನ ಚಿಪ್ಪನ್ನು ಬೇರೆ ಪ್ರಾಣಿಯಿಂದ ಕಸಿಯದೆ ತಾನೇ ಕಟ್ಟಿಕೊಳ್ಳುತ್ತದೆ ಎಂಬುದು ಹಾಗೆ ಸಾಬೀತಾಯಿತು. ಕಡಲು ಕೂಗಳತೆಯಲ್ಲೇ ಇದ್ದುದರಿಂದ ಅವರಿಗೆ ನೀರಿನ ಚಿಂತೆ ಇರಲಿಲ್ಲ.

ಲಂಡನ್ನಿನಂಥ ಊರಿನಲ್ಲಿ ನೀರೇ ದೊಡ್ಡ ಖರ್ಚು. 1846ರಲ್ಲಿ ಆನಾ ಥಿನ್ ಎಂಬಾಕೆ ಟಾರ್ಕೀ ತೀರದಿಂದ ಜೀವಂತ ಹವಳಗಳನ್ನು ಅಲ್ಲಿಗೆ ತಂದರು. ಕಡಲ ನೀರನ್ನು ಪದೇ ಪದೇ ತರಿಸುವುದು ತ್ರಾಸದಾಯಕವಾಗಿತ್ತು. ಹಾಗಾಗಿ ಮನೆಗೆಲಸದವಳು ತೆರೆದ ಕಿಟಕಿಯ ಬಳಿ ನಿಂತು ಅದೇ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿದು ಗಾಳಿ ಬೆರೆಸುತ್ತಿದ್ದಳು. ಇಂದಿನ ಏರ್ ಪಂಪಿನ ಕೆಲಸವನ್ನು ಆಗ ಒಬ್ಬ ಹೆಂಗಸಿನ ರಟ್ಟೆ ಮಾಡುತ್ತಿತ್ತು. ಆಕೆಯ ಹೆಸರು ಈ ಇತಿಹಾಸದಲ್ಲಿ ಎಲ್ಲೂ ಕಾಣುವುದಿಲ್ಲ. ಮರುವರ್ಷ ಕಡಲಪಾಚಿಯನ್ನೂ ತೊಟ್ಟಿಗೆ ಸೇರಿಸಲಾಯಿತು. ಹವಳಗಳು ಸುಮಾರು ಮೂರು ವರ್ಷ ಬದುಕಿದವು.

ಸಸ್ಯ ಬಿಡುವ ಆಮ್ಲಜನಕವನ್ನು ಪ್ರಾಣಿ ಬಳಸುತ್ತದೆ ಎಂಬ ಸಮತೋಲನವನ್ನು ರಸಾಯನತಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ವಿವರಿಸಿದರು. ಅವರು ಮೊದಲು ನೋಡಿದ್ದು ಸಿಹಿನೀರಿನ ಗೋಲ್ಡ್‌ಫಿಶ್, ಜಲಸಸ್ಯ ಮತ್ತು ಬಸವನಹುಳುಗಳನ್ನು. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆಯೂ 1845ರಲ್ಲೇ ರದ್ದಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದ ಮತ್ಸ್ಯಾಲಯ ತೆರೆದ ಮೇಲೆ, ಅಂಥದೊಂದು ತೊಟ್ಟಿ ತಮ್ಮ ನಡುಮನೆಯಲ್ಲೂ ಇರಲೆಂದು ಜನ ಆಸೆಪಟ್ಟರು.

ಆ ಆಸೆಯನ್ನು ಕೈಗೆಟುಕಿಸಿದವರು ಪ್ರಕೃತಿತಜ್ಞ ಫಿಲಿಪ್ ಹೆನ್ರಿ ಗಾಸ್. ಕಡಲ ನೀರು ತರಿಸುವ ವೆಚ್ಚ, ವಿಳಂಬಗಳಿಂದ ಬೇಸತ್ತು ಅವರು 1854ರಲ್ಲಿ ಕೃತಕ ನೀರು ತಯಾರಿಸಿದರು. ಸುಮಾರು ನಾಲ್ಕೂವರೆ ಲೀಟರ್ ನೀರಿಗೆ 100 ಗ್ರಾಂ ಅಡುಗೆ ಉಪ್ಪು, 7 ಗ್ರಾಂ ಎಪ್ಸಮ್ ಸಾಲ್ಟ್, 13 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್, ಎರಡೂವರೆ ಗ್ರಾಂನಷ್ಟು ಪೊಟ್ಯಾಸಿಯಂ ಕ್ಲೋರೈಡ್: ಲೆಕ್ಕ ಇಷ್ಟೇ. ಕಡಲಿನಲ್ಲಿ ಅತ್ಯಲ್ಪವಾಗಿರುವ ಉಳಿದ ಅಂಶಗಳನ್ನು ಅವರು ಕೈಬಿಟ್ಟರು. ಮೊದಲು ಪಾಚಿ ಅಂಟಿದ ಕಲ್ಲುಗಳನ್ನಿಟ್ಟು, ವಾರದ ಬಳಿಕವಷ್ಟೇ ಪ್ರಾಣಿಗಳನ್ನು ಬಿಟ್ಟರು. ಯಶಸ್ಸನ್ನೆಲ್ಲ ಅವರು ಪಾಚಿಯ ಖಾತೆಗೆ ಹಾಕಿದರು. ಆದರೆ ಆ ಕಲ್ಲುಗಳ ಮೇಲೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳೂ ಬಂದಿರಬೇಕು. ವಾರದ ಕಾಯುವಿಕೆ ಅವುಗಳಿಗೂ ನೆರವಾಗಿರಬೇಕು.

ಗಾಸ್ ಬರೆದ ಪುಸ್ತಕಗಳು ಹವ್ಯಾಸವನ್ನು ಹುಚ್ಚಾಗಿಸಿದವು. ಲಂಡನ್ನಿನಲ್ಲಿ ವಿಲಿಯಂ ಆಲ್‌ಫರ್ಡ್ ಲಾಯ್ಡ್ ತೊಟ್ಟಿ, ಜೀವಿ, ಕಡಲ ನೀರು ಎಲ್ಲವನ್ನೂ ಮಾರುವ ಅಂಗಡಿಯನ್ನೇ ತೆರೆದರು. ಇತ್ತ ತೀರದ ಬಂಡೆಗುಂಡಿಗಳು ಸಂಗ್ರಾಹಕರ ಕೈಗೆ ಸಿಕ್ಕಿ ಬರಿದಾದವು. ಮನೆಯ ತೊಟ್ಟಿಗಳೂ ಬಹುಕಾಲ ಬಾಳಲಿಲ್ಲ. ಜೀವಿಗಳನ್ನು ಕಿಕ್ಕಿರಿದು ತುಂಬಿದರೆ ನೀರು ಕೆಟ್ಟು ನಾರುತ್ತಿತ್ತು. 1860ರ ದಶಕದಲ್ಲಿ ಹುಚ್ಚು ಇಳಿಯಿತು.

ನೀರು ಕೆಡುವುದೇಕೆ ಎಂಬುದಕ್ಕೆ ಉತ್ತರದ ಮುಖ್ಯ ಭಾಗ ಸಿಕ್ಕಿದ್ದು ಆ ಶತಮಾನದ ಕೊನೆಗೆ. ಪ್ರಾಣಿಗಳ ಕಲ್ಮಶದಿಂದ ಬರುವ ಅಮೋನಿಯಾವನ್ನು ನೈಟ್ರೈಟಾಗಿ, ಅದನ್ನು ನೈಟ್ರೇಟಾಗಿ ಬದಲಿಸುವ ಬ್ಯಾಕ್ಟೀರಿಯಾಗಳನ್ನು ಸೆರ್ಗೆಯ್ ವಿನೊಗ್ರಾಡ್ಸ್ಕಿ ಗುರುತಿಸಿದರು. ಹವ್ಯಾಸಿಗಳು ಇದರ ಲಾಭ ಪಡೆಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. ತೊಟ್ಟಿಯ ಜಲ್ಲಿಯ ಮೂಲಕ ನೀರು ಹರಿಸಿ ಆ ಬ್ಯಾಕ್ಟೀರಿಯಾಗಳನ್ನು ಅಲ್ಲೇ ಬೆಳೆಸುವ, ಜಲ್ಲಿಯಡಿಯ ಫಿಲ್ಟರ್ ಆಮೇಲೆ ಮನೆಮಾತಾಯಿತು. ಜಕಾರ್ತಾದ ಲೀ ಚಿನ್ ಎಂಗ್ ಅದನ್ನೂ ಬಿಟ್ಟು, ಜೀವಿಗಳು ತುಂಬಿದ ಕಡಲಕಲ್ಲು, ಕಡಲ ನೀರು, ಸಣ್ಣಗೆ ಗುಳ್ಳೆಯೇಳಿಸುವ ಗಾಳಿ, ಇಷ್ಟರಲ್ಲೇ ಹವಳ ಸಾಕಿದ ತಮ್ಮ ವಿಧಾನವನ್ನು 1961ರಲ್ಲಿ ಪ್ರಕಟಿಸಿದರು. ತೀರದವನಿಗೆ ಇದಕ್ಕಿಂತ ಅಗ್ಗದ ದಾರಿ ಇರಲಿಲ್ಲ.

ಭಾರತದಲ್ಲಿ ಆ ದಾರಿ ಈಗ ಮುಚ್ಚಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ 2001ರಲ್ಲಿ ಹವಳಗಳು ಸೇರಿದವು. ಲಕ್ಷದ್ವೀಪದಿಂದಾಗಲಿ, ಮುರ್ಡೇಶ್ವರದಾಚೆಯ ನೇತ್ರಾಣಿಯಿಂದಾಗಲಿ ಅವನ್ನು ಕಿತ್ತು ತರುವುದು ಅಪರಾಧ. ಕಡಿಮೆ ಖರ್ಚಿನಲ್ಲಿ ಶುರುಮಾಡುವವರು ಒಣಕಲ್ಲು, ಪೊಟ್ಟಣದ ಉಪ್ಪು ಬಳಸಿ, ಬ್ಯಾಕ್ಟೀರಿಯಾ ಬೆಳೆಯುವವರೆಗೆ ಕೆಲವು ವಾರ ಮೀನು ಬಿಡದೆ ಕಾಯುತ್ತಾರೆ.