ಕಾಳಿಯ ಕಲ್ಲು, ಮುಧೋಳದ ಪಾದ

ನಾಯಿಗೂ ಒಂದು ವೀರಗಲ್ಲು ಇದೆ ಅಂದರೆ ಆಫೀಸಿನ ಗೆಳೆಯರು ನಗುತ್ತಾರೆ. ಖರೇನೇ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಅದು, ಕ್ರಿ.ಶ. 949-50ರದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗ, ತನ್ನ ವೀರ ಮಣಲೇರನಿಗೆ ಏನು ಬೇಕೋ ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಅನ್ನೋ ನಾಯಿಯನ್ನ. ಮುಂದೊಂದು ದಿನ ಕಾಳಿಯನ್ನು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು.

ಮೂರನೇ ಕೃಷ್ಣ ಬೂತುಗನಿಗೆ ಕೊಟ್ಟ ನಾಡುಗಳ ಪಟ್ಟಿಯೂ ಅದೇ ಕಲ್ಲಿನ ಮೇಲಿದೆ. ಅದರಲ್ಲಿ ಬಾಗೆನಾಡು ಅಂದರೆ ಇವತ್ತಿನ ಬಾಗಲಕೋಟೆ ಸೀಮೆ. ನಮ್ಮ ಮುಧೋಳ ನಾಯಿಯ ಜಿಲ್ಲೆಯೂ ಅದೇ. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಈ ತಳಿಯ ಒಂದು ಜೋಡಿಯನ್ನು ಐದನೇ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆಚೀಟಿ ಬಂತು. 2016ರಲ್ಲಿ ಸೇನೆ ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದಿತು. 2020ರ ಆಗಸ್ಟಿನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಇದರ ಹೆಸರು ಹೇಳಿದರು.

ಎಲ್ಲದರಲ್ಲೂ ಇರೋದು ಓಟ, ಬೇಟೆ, ಶೌರ್ಯ. ಓಡಿದ ಕಾಲನ್ನು ನೋಡಿಕೊಂಡವರ ಮಾತು ಎಲ್ಲೂ ಇಲ್ಲ. ಹಳ್ಳಿಯಲ್ಲಿ ಆ ಕೆಲಸ ಸದ್ದಿಲ್ಲದೆ ನಡೀತಿತ್ತು. ಹೊಲದಲ್ಲಿ ತಿರುಗಿದ ನಾಯಿಯ ಉಗುರು ತಾನೇ ಸವೀತಿತ್ತು. ಜಾಲಿಮುಳ್ಳು ನಟ್ಟರೆ ಕುರಿ ಕಾಯೋರು ಅಲ್ಲೇ ಕೂತು ಕೀಳ್ತಿದ್ದರು.

ಈಗ ಹೆಸರು ಕೇಳಿ ಮರಿ ತಂದು ಟಿಳಕವಾಡಿಯ ಎರಡನೇ ಮಹಡಿಯಲ್ಲಿ ಸಾಕುತ್ತೇವೆ. ಟೈಲ್ಸ್ ಮೇಲೆ ಉಗುರು ಸವೆಯೋದಿಲ್ಲ. ಉದ್ದ ಬೆಳೆದ ಉಗುರು ಬೆರಳನ್ನು ತಳ್ಳಿ ನಡಿಗೆಯನ್ನೇ ಕೆಡಿಸುತ್ತದೆ. ಮಳೆಗಾಲದಲ್ಲಿ ವ್ಯಾಕ್ಸಿನ್ ಡಿಪೋ ಮೈದಾನ ಸುತ್ತಿ ಬಂದರೆ ಬೆರಳ ಸಂದಿಯಲ್ಲೆಲ್ಲ ಕೆಂಪು ರಾಡಿ. ಹಸಿ ಹಾಗೇ ಉಳಿದರೆ ಫಂಗಸ್. ಏಪ್ರಿಲ್‌ನಲ್ಲಿ ಕಾದ ಡಾಂಬರಿಗೆ ಅಂಗಾಲು ಸುಡುತ್ತದೆ.

ಮಾಡಬೇಕಾದ್ದು ಬಹಳ ಏನಿಲ್ಲ ನೋಡ್ರಿ. ಉಗುರುಬೆಚ್ಚಗಿನ ನೀರಲ್ಲಿ ಕಾಲು ತೊಳೆದು, ಸಂದಿಗಳನ್ನು ಹತ್ತಿ ಬಟ್ಟೆಯಿಂದ ಪೂರ್ತಿ ಒರೆಸಿ. ಉಣ್ಣಿ, ಮುಳ್ಳು, ಸೀಳು ಇದೆಯಾ ನೋಡಿ. ಡೆಟಾಲ್, ಫಿನಾಯಿಲ್ ಬೇಡ. ನಾಯಿ ನೆಕ್ಕುತ್ತೆ, ಅದು ವಿಷ. ನಡೆಯುವಾಗ ಟಕ್‌ಟಕ್ ಸದ್ದು ಬಂದರೆ ಉಗುರು ಕತ್ತರಿಸುವ ಹೊತ್ತಾಗಿದೆ. ಕಪ್ಪು ಉಗುರಿನಲ್ಲಿ ಒಳಗಿನ ರಕ್ತನಾಳ ಕಾಣೋದಿಲ್ಲ, ಹಾಗಾಗಿ ತುದಿಯನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸಿ. ಬಿಸಿಲಲ್ಲಿ ಹೊರಡುವ ಮೊದಲು ಅಂಗೈಯ ಹಿಂಬದಿಯನ್ನು ರಸ್ತೆಗೆ ಊರಿ. ನಿಮಗೆ ಏಳು ಸೆಕೆಂಡ್ ತಾಳಲಾಗದಿದ್ದರೆ ಅದಕ್ಕೂ ಆಗದು. ಒಂದೇ ಕಾಲನ್ನು ಬಿಡದೆ ನೆಕ್ಕುತ್ತಿದ್ದರೆ, ಕುಂಟಿದರೆ ಪಶುವೈದ್ಯರ ಹತ್ತಿರ ಹೋಗಿ.

ಆತಕೂರಿನ ಶಾಸನದಲ್ಲಿ ಇನ್ನೊಂದು ಮಾತಿದೆ. ಆ ಭೂಮಿ ನೋಡಿಕೊಳ್ಳುವ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ, ನಾಯಿ ಮಾಡಿದ ಪಾಪ ಅವನಿಗೆ. ಕಾಳಿ ಹೋರಾಡಿದ್ದು ಒಂದು ದಿನ. ಗೊರವನಿಗೆ ಕೆಲಸ ದಿನಾ ಇತ್ತು, ಅದೂ ಊಟಕ್ಕಿಂತ ಮೊದಲು. ಬರೆಸಿದವರಿಗೆ ಮನುಷ್ಯರ ಮರೆವು ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ನಮ್ಮ ಮನೆಯಲ್ಲೂ ಈಗ ಅದೇ ಕಟ್ಟಳೆ: ನಾಲ್ಕೂ ಪಾದ ನೋಡಿ ಆಮೇಲೆ ತಟ್ಟೆ ಹಾಕೋದು.