ನಸ್ಕಲ್‌ನ ಹಲ್ಲು

ಹೈದರಾಬಾದಿನಿಂದ ಪಶ್ಚಿಮಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ, ವಿಕಾರಾಬಾದ್ ಸೀಮೆಯಲ್ಲಿ ನಸ್ಕಲ್ ಎಂಬ ಹಳ್ಳಿಯಿದೆ. ಹೈದರಾಬಾದಿನ ನಾರಾಯಣಗೂಡದಲ್ಲಿ ನೆಲೆಸಿರುವ ನಮ್ಮಂಥ ಕನ್ನಡದವರು ಊರಿಗೆ ಹೋಗುವುದು ಅದೇ ದಿಕ್ಕಿಗೆ. ವಿಕಾರಾಬಾದ್ ದಾಟಿದರೆ ತಾಂಡೂರು, ಮುಂದೆ ಸೇಡಂ, ವಾಡಿ. ತಾಂಡೂರು ನನ್ನ ತವರು. 1956ರ ತನಕ ಅದು ಗುಲ್ಬರ್ಗಾ ಜಿಲ್ಲೆಯೊಳಗೇ ಇತ್ತು. ಜೀವಶಾಸ್ತ್ರ ಕಲಿಸುತ್ತ ಇಷ್ಟು ವರ್ಷ ಕಳೆದ ನನಗೆ ಈ ದಾರಿಯಲ್ಲಿ ಬೇರೆ ಯಾವ ಊರಿಗಿಂತಲೂ ನಸ್ಕಲ್ ಹೆಚ್ಚು ಮುಖ್ಯ.

ತಾಂಡೂರಿನ ಪರ್ಸಿ ಕಲ್ಲಿನಲ್ಲಿ ಪಳೆಯುಳಿಕೆಯಾದ ಎಲುಬು ಹುಡುಕಿ ಫಲವಿಲ್ಲ. ಎಲುಬುಳ್ಳ ಪ್ರಾಣಿಗಳು ಹುಟ್ಟುವ ಮೊದಲೇ ಕೂಡಿಕೊಂಡ ಸುಣ್ಣದಕಲ್ಲು ಅದು. ನಸ್ಕಲ್‌ನ ಕಥೆ ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಲಾವಾ ಹರಿದದ್ದು ಒಂದೇ ಸಲಕ್ಕಲ್ಲ. ಹರಿದು ನಿಂತ ಬಿಡುವಿನಲ್ಲಿ ತಗ್ಗುಗಳಲ್ಲಿ ನೀರು ನಿಂತು ಕೆರೆಗಳಾದವು. ಮೀನು, ಕಪ್ಪೆ, ಮೊಸಳೆ, ಬಸವನಹುಳು ಎಲ್ಲವೂ ಬಂದು ನೆಲೆಸಿದವು. ಮತ್ತೆ ಲಾವಾ ಬಂದು ಆ ಕೆಸರನ್ನು ಮುಚ್ಚಿತು. ಎರಡು ಕರಿಕಲ್ಲಿನ ಪದರಗಳ ನಡುವೆ ಸಿಕ್ಕಿಬಿದ್ದ ಈ ಮಣ್ಣನ್ನು ಭೂವಿಜ್ಞಾನಿಗಳು ಇಂಟರ್‌ಟ್ರಾಪಿಯನ್ ಪದರ ಎನ್ನುತ್ತಾರೆ. ನಾಗಪುರದಲ್ಲಿದ್ದ ಪಾದ್ರಿ ಸ್ಟೀಫನ್ ಹಿಸ್ಲಪ್ ಹತ್ತೊಂಬತ್ತನೇ ಶತಮಾನದ ನಡುವಿನಲ್ಲೇ ಇಂಥ ಪದರಗಳಿಂದ ಪಳೆಯುಳಿಕೆಗಳನ್ನು ಕೂಡಿಹಾಕಿದ್ದ. ಆದರೆ ಡೈನೋಸಾರ್‌ಗಳ ಕೊನೆಗಾಲದ ಒಂದೇ ಒಂದು ಸಸ್ತನಿಯೂ ಭಾರತದಲ್ಲಿ ಯಾರ ಕೈಗೂ ಸಿಕ್ಕಿರಲಿಲ್ಲ.

ಅದು ಸಿಕ್ಕದ್ದು ನಸ್ಕಲ್‌ನಲ್ಲಿ. ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ 1988ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿ, ಹಿಸ್ಲಪ್‌ನ ನೆನಪಿಗೆ ಡೆಕ್ಕನೊಲೆಸ್ಟಿಸ್ ಹಿಸ್ಲಪಿ ಎಂದು ಹೆಸರಿಟ್ಟರು. ಅವರ ಕೈಯಲ್ಲಿದ್ದದ್ದು ಸಾಸಿವೆ ಕಾಳಿನಷ್ಟು ಹಲ್ಲುಗಳು. ಇಂಥವು ಬರಿಗಣ್ಣಿಗೆ ಬೀಳುವುದಿಲ್ಲ. ಮಣ್ಣನ್ನು ಮೂಟೆಗಟ್ಟಲೆ ಹೊತ್ತು ತಂದು, ನೀರಿನಲ್ಲಿ ನೆನೆಸಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದನ್ನು ಒಣಗಿಸಿ ಸೂಕ್ಷ್ಮದರ್ಶಕದ ಕೆಳಗೆ ಚೂರುಚೂರಾಗಿ ಆರಿಸಬೇಕು. ಮೂಟೆ ಖಾಲಿಯಾದರೂ ಒಂದು ಹಲ್ಲೂ ಸಿಗದಿರಬಹುದು. ವಿಜ್ಞಾನದ ಪಾಠಪುಸ್ತಕಗಳು ಈ ದುಡಿಮೆಯನ್ನು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಹಲ್ಲಿಗಿಂತ ದೊಡ್ಡ ಸುದ್ದಿ ತಂದದ್ದು ಕಾಲಿನ ಗಿಣ್ಣು. ಅದೇ ನೆಲದಲ್ಲಿ ದೊರೆತ ಹಿಮ್ಮಡಿಯ ಕಡೆಯ ಪುಟ್ಟ ಎಲುಬುಗಳನ್ನು ಪ್ರಸಾದ್ ಮತ್ತು ಫ್ರಾನ್ಸಿನ ಮಾರ್ಕ್ ಗೊಡಿನೊ 1994ರಲ್ಲಿ ವಿವರಿಸಿದರು. ಪಾದವನ್ನು ಒಳಕ್ಕೆ ತಿರುಗಿಸಲು ಅನುವಾಗುವ ಕೀಲು ಅಲ್ಲಿತ್ತು. ಅಂಗಾಲನ್ನು ಕಾಂಡಕ್ಕೆ ಒತ್ತಿ ಹತ್ತುವ ಪ್ರಾಣಿಗೆ ಬೇಕಾದದ್ದು ಅಂಥ ಕೀಲೇ. ಅಂದರೆ ಡೈನೋಸಾರ್‌ಗಳು ಇನ್ನೂ ಇದ್ದ ಕಾಲದಲ್ಲಿ ಈ ನೆಲದ ಮರಗಳ ಮೇಲೆ ಇಲಿಯಂಥ ಜೀವಿಯೊಂದು ಓಡಾಡುತ್ತಿತ್ತು. ಕೋತಿ, ಮನುಷ್ಯ ಸೇರಿದ ಪ್ರೈಮೇಟ್ ಗಣ, ಮರಮೂಗಿಲಿ, ಹಾರುವ ಕೊಲುಗೊ ಇವೆಲ್ಲವುಗಳ ಕುಲ ಹುಟ್ಟಿದ್ದು ಇಂಥ ಜೀವಿಗಳಿಂದಲೇ ಇರಬಹುದೆ? 2010ರಲ್ಲಿ ಡಗ್ ಬಾಯರ್ ಮತ್ತು ಸಂಗಡಿಗರು ಇನ್ನಷ್ಟು ಎಲುಬುಗಳನ್ನು ಹಿಡಿದು ಆ ನಂಟಿನತ್ತ ವಾದ ಮಂಡಿಸಿದರು. ಆ ಜೀವಿ ಬದುಕಿದ್ದ ಕಾಲದಲ್ಲಿ ಭಾರತ ಸಮುದ್ರದ ನಡುವೆ ಉತ್ತರಕ್ಕೆ ತೇಲುತ್ತಿದ್ದ ಒಂಟಿ ಭೂಖಂಡ. ವಾದ ನಿಂತಿದ್ದರೆ ನಮ್ಮ ವಂಶವೃಕ್ಷದ ಬೇರಿನ ಹತ್ತಿರವೇ ದಖನ್ನಿನ ಹೆಸರು ಬರೆಯಬೇಕಾಗುತ್ತಿತ್ತು.

ಮರುವರ್ಷವೇ ಅಂಜಲಿ ಗೋಸ್ವಾಮಿ ಮತ್ತು ಸಂಗಡಿಗರು, ಅವರಲ್ಲಿ ಪ್ರಸಾದ್ ಕೂಡ ಇದ್ದರು, ಹೆಚ್ಚಿನ ಲಕ್ಷಣಗಳನ್ನು ಹೋಲಿಸಿ ಬೇರೆ ತೀರ್ಮಾನಕ್ಕೆ ಬಂದರು. ಮರ ಹತ್ತುತ್ತಿದ್ದದ್ದು ನಿಜ; ಆದರೆ ಅದು ಪ್ರೈಮೇಟ್‌ಗಳ ಹತ್ತಿರದ ನಂಟಲ್ಲ, ಇನ್ನೂ ಹಳೆಯ ಕವಲೊಂದಕ್ಕೆ ಸೇರಿದ್ದು. ಈ ತೀರ್ಮಾನವೇ ಸರಿಯೆಂದು ನನಗೆ ತೋರುತ್ತದೆ. ಕಂಡುಹಿಡಿದವರೇ ತಮ್ಮ ಎಲುಬನ್ನು ಮತ್ತೆ ಪರೀಕ್ಷೆಗೆ ಒಡ್ಡಿದರಲ್ಲ, ಆ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ.

ನಮ್ಮ ತಲೆಮಾರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಶಿವಾಲಿಕ್ ಬೆಟ್ಟದ ಹರಿತಲ್ಯಾಂಗರ್‌ನಲ್ಲಿ ಸಿಕ್ಕ ದವಡೆಯ ಚೂರಿಗೆ ಜಿ. ಎಡ್ವರ್ಡ್ ಲೂಯಿಸ್ 1934ರಲ್ಲಿ ರಾಮಾಪಿಥೆಕಸ್ ಎಂದು ಹೆಸರಿಟ್ಟರು. ನಾವು ಕಾಲೇಜಿನಲ್ಲಿ ಓದುವಾಗ ಅದು ಮನುಷ್ಯನ ಪೂರ್ವಜ. ಪಾಕಿಸ್ತಾನದಲ್ಲಿ ದೊರೆತ ಶಿವಾಪಿಥೆಕಸ್‌ನ ಮುಖವನ್ನು ಡೇವಿಡ್ ಪಿಲ್ಬೀಮ್ 1982ರಲ್ಲಿ ಪ್ರಕಟಿಸಿದ ಮೇಲೆ ರಾಮಾಪಿಥೆಕಸ್ ಒರಾಂಗುಟಾನ್‌ನ ಬಳಗಕ್ಕೆ ಹೋಯಿತು. ಭಾರತದ ಖಚಿತವಾದ ಹಳೆಯ ಪ್ರೈಮೇಟ್‌ಗಳೆಂದರೆ ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯ ಏಷ್ಯಾಡಾಪಿಸ್, ಮಾರ್ಕ್‌ಗೊಡಿನೋಷಿಯಸ್ ಮೊದಲಾದವು. ಅವುಗಳ ವಯಸ್ಸು ಐದೂವರೆ ಕೋಟಿ ವರ್ಷಗಳ ಆಸುಪಾಸು. ನಸ್ಕಲ್‌ಗಿಂತ ಒಂದು ಕೋಟಿ ವರ್ಷಕ್ಕೂ ಈಚಿನವು.

ಹಾಗಾಗಿ ಮನುಷ್ಯನ ಮೂಲ ಹೈದರಾಬಾದ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆಂದು ನಸ್ಕಲ್‌ನ ಘನತೆ ಕುಂದುವುದಿಲ್ಲ. ಇಂಥದೇ ಪದರ ನಮ್ಮ ಗೋಕಾಕದಲ್ಲೂ ಇದ್ದು, ಅದೇ ಕಾಲದ ಗೊಂಡ್ವಾನಾಥೀರ್ ಎಂಬ ಇನ್ನೊಂದು ಬಗೆಯ ಸಸ್ತನಿಯ ಹಲ್ಲುಗಳು ಅಲ್ಲಿ ದೊರೆತಿವೆ. ಈ ಜೇಡಿ ಪದರಗಳು ತೆಳ್ಳಗಿನವು. ಒಂದು ಬಾವಿ, ಒಂದು ಕಲ್ಲುಗಣಿ ಸಾಕು, ಮಾಯವಾಗಲು.

ನಾರಾಯಣಗೂಡದಿಂದ ನೌಬತ್ ಪಹಾಡದ ಬಿರ್ಲಾ ವಿಜ್ಞಾನ ಸಂಗ್ರಹಾಲಯ ದೂರವಿಲ್ಲ. ಅಲ್ಲಿ ನಿಂತಿರುವ ಕೋಟಾಸಾರಸ್ ಡೈನೋಸಾರ್‌ಗೆ ಪಿ. ಯಾದಗಿರಿ ಹೆಸರಿಟ್ಟದ್ದೂ 1988ರಲ್ಲೇ. ಅದರ ಮುಂದೆ ಮಕ್ಕಳನ್ನು ನಿಲ್ಲಿಸುವ ತಂದೆತಾಯಂದಿರೇ, ಮೇಷ್ಟ್ರುಗಳೇ, ಅದೇ ವರ್ಷ ಹೆಸರು ಪಡೆದ ನಸ್ಕಲ್‌ನ ಸಣ್ಣ ಜೀವಿಯ ಕಥೆಯನ್ನೂ ಹೇಳಿ. ವಿಕಾರಾಬಾದ್, ಗೋಕಾಕದ ಕಡೆ ಬಾವಿ ತೋಡಿಸುವವರು ಕರಿಕಲ್ಲಿನ ನಡುವೆ ಬಸವನಹುಳುವಿನ ಚಿಪ್ಪು ಅಡಗಿದ ಜೇಡಿಮಣ್ಣು ಕಂಡರೆ, ಅಗೆದು ಚೆಲ್ಲುವ ಮೊದಲು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಹತ್ತಿರದ ಕಚೇರಿಗೋ ಪಕ್ಕದ ಕಾಲೇಜಿಗೋ ಒಂದು ಮಾತು ತಿಳಿಸಿ.